ಫಾರ್ಮಕಾಲಜಿ ಓದಲು ಕೂರುವ ಮುನ್ನ

ಎಲ್ಲರಿಗೂ ನಮಸ್ಕಾರ. ಬಿ.ಫಾರ್ಮ್ ಮೂರನೇ ಸೆಮಿಸ್ಟರ್ ಮುಗಿಸಿ ನಾಲ್ಕಕ್ಕೆ ಕಾಲಿಡುತ್ತಿದ್ದೀರಿ. ಇನ್ನು ಮೂರು ಸೆಮಿಸ್ಟರ್ ಫಾರ್ಮಕಾಲಜಿ, ಎಂದರೆ ಔಷಧ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಶಾಸ್ತ್ರ, ನಿಮ್ಮ ಬೆನ್ನು ಬಿಡುವುದಿಲ್ಲ. ನಾಲ್ಕರಲ್ಲಿ ಮೂಲತತ್ವ ಮತ್ತು ನರಮಂಡಲ, ಐದರಲ್ಲಿ ಹೃದಯ, ಮೂತ್ರ, ಹಾರ್ಮೋನು, ಆರರಲ್ಲಿ ಶ್ವಾಸಕೋಶ, ಜೀರ್ಣಾಂಗ, ಆಂಟಿಬಯೋಟಿಕ್, ವಿಷವಿಜ್ಞಾನ. ‘ಬರೀ ಬಾಯಿಪಾಠದ ಸಬ್ಜೆಕ್ಟು’ ಅಂತ ಸೀನಿಯರ್‌ಗಳು ಆಗಲೇ ಹೆದರಿಸಿರುತ್ತಾರೆ. ಆ ಮಾತನ್ನು ನಿಮ್ಮ ತಲೆಯಿಂದ ತೆಗೆಯಬೇಕು ಅಂತಲೇ ಇವತ್ತು ಮೈಸೂರಿನ ಈ ಸಭಾಂಗಣದಲ್ಲಿ ನಿಂತಿದ್ದೇನೆ.

ಯಾವ ಔಷಧ ಎದುರಾದರೂ ಎರಡು ಪ್ರಶ್ನೆ ಕೇಳಿ. ಮೈಯೊಳಗೆ ಎಲ್ಲಿ ಕೂರುತ್ತದೆ? ಎಷ್ಟು ಹೊತ್ತು ಕೂರುತ್ತದೆ?

ಎನಲಾಪ್ರಿಲ್ ತಗೊಳ್ಳಿ. ಬಿ.ಪಿ.ಗೆ ಕೊಡುತ್ತಾರೆ, ಕೆಲವರಿಗೆ ಒಣಕೆಮ್ಮು ಬರುತ್ತದೆ. ಕೆಮ್ಮನ್ನು ಪಟ್ಟಿಯಲ್ಲಿ ಐದನೆಯದೋ ಆರನೆಯದೋ ಅಂತ ಉರುಹೊಡೆದರೆ ಪರೀಕ್ಷೆಯ ಹಾಲ್‌ನಲ್ಲಿ ಮರೆಯುತ್ತದೆ. ಅದು ಕೂರುವುದು ಎ.ಸಿ.ಇ. ಎಂಬ ಕಿಣ್ವದ ಮೇಲೆ. ರಕ್ತನಾಳ ಬಿಗಿಸಿ ಬಿ.ಪಿ. ಏರಿಸುವ ಆಂಜಿಯೋಟೆನ್ಸಿನ್-2 ತಯಾರಿಸುವ ಆ ಕಿಣ್ವವೇ ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನೂ ಒಡೆಯುತ್ತದೆ. ಕಿಣ್ವ ಕಟ್ಟಿಹೋದರೆ ಬ್ರಾಡಿಕೈನಿನ್ ಶ್ವಾಸನಾಳದಲ್ಲಿ ಕೂಡಿಕೊಂಡು ಕೆರೆತ, ಕೆಮ್ಮು. ಬಿ.ಪಿ.ಯ ಇನ್ನೊಂದು ಔಷಧ ಲೊಸಾರ್ಟಾನ್ ಕಿಣ್ವವನ್ನು ಮುಟ್ಟದೆ, ಆಂಜಿಯೋಟೆನ್ಸಿನ್-2 ಬಂದು ಹಿಡಿಯುವ ರಿಸೆಪ್ಟರ್ ಮೇಲೆ ಕೂರುತ್ತದೆ, ಅದಕ್ಕೇ ಅದರಲ್ಲಿ ಈ ಕೆಮ್ಮು ಅಪರೂಪ. ಕೂರುವ ಜಾಗ ಗೊತ್ತಾದರೆ ಅಡ್ಡಪರಿಣಾಮ ತಾನಾಗಿ ಬರುತ್ತದೆ.

ಇದನ್ನು ನಮ್ಮ ನೆಲದ ಬೇರೊಂದೇ ಪೂರ್ತಿ ಕಲಿಸುತ್ತದೆ. ಸರ್ಪಗಂಧ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಈ ಬೇರು ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಆಗುತ್ತದೆ ಎಂದು ಬರೆದರು. 1949ರಲ್ಲಿ ಬೊಂಬಾಯಿಯ ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಮೇಲಿನ ಪ್ರಯೋಗವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಹೊರಗಿನವರು ಕಣ್ಣು ತೆರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಈ ಬೇರಿನ ಔಷಧಾಂಶ ರೆಸರ್ಪಿನ್ ಬೇರ್ಪಟ್ಟಿತು. ಈಗ ಕೇಳಿ, ಎಲ್ಲಿ ಕೂರುತ್ತದೆ? ನರದ ತುದಿಯಲ್ಲಿ, ರಕ್ತನಾಳ ಬಿಗಿಸುವ ನಾರ್‌ಅಡ್ರಿನಲಿನ್ ತುಂಬಿಡುವ ಪುಟ್ಟ ಚೀಲಗಳಿವೆ. ಚೀಲಕ್ಕೆ ತುಂಬುವ ಸಾಗಣೆ ಪ್ರೋಟೀನನ್ನೇ ರೆಸರ್ಪಿನ್ ಕಟ್ಟಿಹಾಕುತ್ತದೆ. ಹೊರಗುಳಿದದ್ದನ್ನು ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ನಾಶ ಮಾಡುತ್ತದೆ. ಚೀಲ ಬರಿದು, ಬಿ.ಪಿ. ಇಳಿಯಿತು. ಆದರೆ ಮಿದುಳಿನಲ್ಲಿ ಮನಸ್ಸಿಗೂ ಚಲನೆಗೂ ಬೇಕಾದ ಸೆರೊಟೊನಿನ್, ಡೋಪಮೈನ್ ಚೀಲಗಳೂ ಅದೇ ಬಗೆಯವು! ಹಾಗಾಗಿ ಕೆಲವು ರೋಗಿಗಳು ಖಿನ್ನರಾದದ್ದು, ಕೆಲವರ ಕೈಕಾಲು ಬಿಗಿದದ್ದು ವರದಿಯಾಯಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪಿನ್‌ನಿಂದ ಮಂಕಾಗಿ ಬಿದ್ದ ಮೊಲಗಳಿಗೆ, ಮೈಯೊಳಗೆ ಡೋಪಮೈನ್ ಆಗುವ ಡೋಪಾ ಚುಚ್ಚಿದರು, ಮೊಲಗಳು ಎದ್ದು ಓಡಾಡಿದವು. ಪಾರ್ಕಿನ್ಸನ್‌ಗೆ ಇವತ್ತು ಕೊಡುವ ಲೆವೊಡೋಪಾದ ದಾರಿ ತೆರೆದದ್ದು ಅಲ್ಲಿ. ಅವರಿಗೆ 2000ದಲ್ಲಿ ನೊಬೆಲ್ ಬಂತು. ಒಂದು ಬೇರು, ಒಂದು ಕೂರುವ ಜಾಗ, ನಿಮ್ಮ ನಾಲ್ಕನೇ ಸೆಮಿಸ್ಟರಿನ ಎಷ್ಟು ಪುಟ ಅದರಲ್ಲಿದೆ ನೋಡಿ.

ಎರಡನೇ ಪ್ರಶ್ನೆಯಲ್ಲಿ ಒಂದು ಬಲೆ ಇದೆ. ಅರ್ಧಾಯುಷ್ಯ, ಎಂದರೆ ಔಷಧದ ಮಟ್ಟ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು, ರಕ್ತದ ಲೆಕ್ಕ ಮಾತ್ರ. ಆಸ್ಪಿರಿನ್ನಿನ ಅರ್ಧಾಯುಷ್ಯ 15ರಿಂದ 20 ನಿಮಿಷ. ಆದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣವಾದ ಪ್ಲೇಟ್‌ಲೆಟ್‌ನ ಕಿಣ್ವಕ್ಕೆ ಅದು ಕಳಚದಂತೆ ಅಂಟುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಕಿಣ್ವ ಮಾಡಿಕೊಳ್ಳಲಾರದು. ಹಾಗಾಗಿ ಆ ಪ್ಲೇಟ್‌ಲೆಟ್ ಬದುಕಿರುವ 8ರಿಂದ 10 ದಿನವೂ ಪರಿಣಾಮ ಉಳಿಯುತ್ತದೆ. ರೆಸರ್ಪಿನ್ ಕೂಡ ಇದೇ ಜಾತಿ, ಹೊಸ ಚೀಲ ಬರುವ ತನಕ ಬಿಡದು.

ಪ್ರಾಕ್ಟಿಕಲ್‌ಗೆ ಬರೋಣ. ಪ್ರಾಣಿಪ್ರಯೋಗಗಳನ್ನೆಲ್ಲ ಈಗ ಸಾಫ್ಟ್‌ವೇರ್ ಮತ್ತು ವಿಡಿಯೋದಲ್ಲಿ ತೋರಿಸುತ್ತಾರೆ. ಅದು ಸರಿಯೇ. ಆದರೆ ಮೌಸ್ ಒತ್ತಿ ಗ್ರಾಫ್ ಇಳಿಸಿಕೊಂಡರೆ ಕಲಿತಂತಾಗಲಿಲ್ಲ. ಕಪ್ಪೆಯ ಹೊಟ್ಟೆಸ್ನಾಯುವಿನ ಪ್ರಯೋಗದಲ್ಲಿ ಸ್ನಾಯುವನ್ನು ಮುಳುಗಿಸಿಡುವ 10 ಎಂ.ಎಲ್. ದ್ರವದ ಪಾತ್ರೆ, ಎಂದರೆ ಬಾತ್ ಇದೆ, ಸ್ನಾಯುವನ್ನು ಸಂಕುಚಿಸುವ ಅಸಿಟೈಲ್‌ಕೋಲಿನ್ ದ್ರಾವಣ ಎಂ.ಎಲ್.ಗೆ 100 ಮೈಕ್ರೊಗ್ರಾಂ. 0.1 ಎಂ.ಎಲ್. ಹಾಕಿದರೆ ಒಳಗೆ ಹೋದದ್ದು 10 ಮೈಕ್ರೊಗ್ರಾಂ, ಬಾತ್‌ನಲ್ಲಿ ಎಂ.ಎಲ್.ಗೆ 1 ಮೈಕ್ರೊಗ್ರಾಂ. ಹೆಚ್ಚಿನವರು ಎಡವುವುದು ಇಲ್ಲೇ, ಸಿರಿಂಜಿನಲ್ಲಿದ್ದ ಸಾಂದ್ರತೆಯನ್ನೇ ಬರೆದುಬಿಡುತ್ತಾರೆ. 0.1, 0.2, 0.4, 0.8 ಎಂ.ಎಲ್. ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ, 90 ಸೆಕೆಂಡ್ ಔಷಧ ಬಿಟ್ಟು ತೊಳೆಯಿರಿ. ತೊಳೆಯುವುದು ಸಾಲದಿದ್ದರೆ ಹಿಂದಿನ ಡೋಸ್ ಉಳಿದು ಗ್ರಾಫಿನ ಮುಂದಿನ ಗೆರೆ ಸುಳ್ಳು ಎತ್ತರಕ್ಕೆ ಏರುತ್ತದೆ.

ಚೀಟಿ ಬಂತು, ಐದು ನಿಮಿಷವಂತೆ. ಅಂಗಾಂಶದ ಮೇಲೆ ಔಷಧದ ಬಲ ಅಳೆಯುವ ಬಯೋಅಸ್ಸೇ, ವಿಷವಿಜ್ಞಾನ ಎರಡನ್ನೂ ಬಿಡುತ್ತೇನೆ. ಇನ್ಸುಲಿನ್ ಮಾತ್ರ ಬಿಡಲಾರೆ.

ಪಾಂಡವಪುರದ ಕಡೆಯ ಅಜ್ಜಿಯೊಬ್ಬರಿಗೆ 20 ಯೂನಿಟ್ ಬರೆದಿದ್ದಾರೆ ಅಂದುಕೊಳ್ಳಿ. ಬಾಟಲಿ 40ರದ್ದು, ಎಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಎಂ.ಎಲ್., ಸರಿಹೋಯಿತು. ಅಂಗಡಿಯಲ್ಲಿ ಅದಿಲ್ಲ ಅಂತ ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಕೊಟ್ಟರೆ? ಅದೇ 20ರ ಗೆರೆ 0.2 ಎಂ.ಎಲ್., ಅಜ್ಜಿಗೆ ಸಿಕ್ಕಿದ್ದು 8 ಯೂನಿಟ್. ಶುಗರ್ ಇಳಿಯಲಿಲ್ಲ ಅಂತ ಡಾಕ್ಟರು ಡೋಸ್ ಏರಿಸುತ್ತಾರೆ. ಮುಂದಿನ ತಿಂಗಳು ಸರಿಯಾದ ಸಿರಿಂಜ್ ಸಿಕ್ಕಿದ ದಿನ ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗಿ, ಶುಗರ್ ತೀರಾ ಇಳಿದು ಅಜ್ಜಿ ಬೆವತು ಬೀಳುತ್ತಾರೆ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ಕ್ಕೆ ಎಳೆದರೆ 50 ಯೂನಿಟ್.

ನಾಳೆ ಕೌಂಟರಿನ ಹಿಂದೆ ನೀವೇ ನಿಂತಿರುತ್ತೀರಿ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡನ್ನೂ ಪಕ್ಕಪಕ್ಕ ಹಿಡಿದು ಗಟ್ಟಿಯಾಗಿ ಓದಿ, ಅಜ್ಜಿಯ ಜೊತೆ ಬಂದವರಿಗೂ ತೋರಿಸಿ, ಆಮೇಲೆ ಬಿಲ್ ಮಾಡಿ.