ಗುಜರಿಗಿ ಹಾಕು ಅನ್ನೋರೇ, ಎಲ್ಲಿ ಸೋರ್ಲಾಕತ್ತದ ಅದನ್ನ ಹೇಳ್ರಿ ಮೊದಲ

ನಮಸ್ಕಾರ್ರೀ ಎಲ್ಲರಿಗೂ, ಕಲಬುರಗಿಯಿಂದ. ಇವತ್ತು ಟೈರ್ ಬಗ್ಗೆ ಮಾತಾಡ್ಬೇಕಂತ ಬರ್ಕೊಂಡಿದ್ದೆ, ಹಾಳಿ ಇಲ್ಲೇ ಅದ ನೋಡ್ರಿ. ಆದ್ರ ಮುಂಜಾನಿ ಚಹಾ ಕುಡಕೋತ ಒಂದ್ ಕಾಮೆಂಟ್ ಓದ್ದೆ, ತಲಿ ಕೆಟ್ ಹೋಯ್ತು. ಒಬ್ಬ ಅಣ್ಣ ಬರ್ದಾನ: "16 ವರ್ಷದ ಗಾಡಿ, ಕೂಲೆಂಟ್ ಸೋರ್ತದಂತ, ಅದಕ್ಕ ಮತ್ತ ರೊಕ್ಕ ಹಾಕ್ತಾನಂತ. ಗುಜರಿಗಿ ಹಾಕಿ ಕೈ ತೊಳ್ಕೋ ತಮ್ಮಾ." ಕೂಲೆಂಟ್ ಅಂದ್ರ ಇಂಜಿನ್ ತಣ್ಣಗ ಇಡೋ ನೀರು. ಆ ಕಾಮೆಂಟ್ ಕೆಳಗ ನಲವತ್ ಮಂದಿ ಲೈಕ್ ಒತ್ಯಾರ. ನನ್ನ ವಿಡಿಯೋಕ್ಕ ಅಷ್ಟ್ ಲೈಕ್ ಬಿದ್ದಿಲ್ಲ!

ಅಣ್ಣಾ, ಒಂದೇ ಮಾತು. ಎಲ್ಲಿ ಸೋರ್ಲಾಕತ್ತದ? ಕೇಳ್ದೇನು? ಇಲ್ಲ. ನಮ್ಮಜ್ಜನ ಮನಿ ಮಾಳಗಿ ವರ್ಷಾ ಸೋರ್ತಿತ್ತು. ಅಜ್ಜ ಮನಿ ಮಾರಿದ್ನೇನು? ಮ್ಯಾಲ ಹತ್ತಿ, ತೂತು ಹುಡುಕಿ, ಮಣ್ಣು ಬಡ್ದು ಇಳೀತಿದ್ದ.

ಕೂಲೆಂಟ್ ಸೋರ್ಲಾಕ ಹತ್ತು ಜಾಗ ಅವ. ಆ ಕೂಲೆಂಟ್ ಆರಸೋ ರೇಡಿಯೇಟರ್ ಅದಲ್ಲ, ಅದರ ಮುಚ್ಚಳದ್ ಮಾತೇ ತಗೋರಿ. ಅದರ ಮ್ಯಾಲ 0.9 ಇಲ್ಲಾ 1.1 ಅಂತ ಬರ್ದಿರ್ತದ, ಅದು ತಡ್ಯೋ ಪ್ರೆಶರ್. ಒಳಗಿನ ರಬ್ಬರ್ ಸತ್ರ ಪ್ರೆಶರ್ ನಿಲ್ಲಂಗಿಲ್ಲ, ನೀರು ಬಾಟ್ಲಿಗಿ ಉಕ್ಕಿ ಹೊರಗ ಹೋಗ್ತದ. ಒಂದ್ ಮುಚ್ಚಳದ ಸಲುವಾಗಿ ಗಾಡಿ ಗುಜರಿಗಿ ಹಾಕ್ತೀಯೇನು? ಆಮ್ಯಾಲ ಹೋಸ್ ಪೈಪ್, ಕ್ಲಿಪ್. ಆಮ್ಯಾಲ ವಾಟರ್ ಬಾಡಿ, ಅಂದ್ರ ಕೂಲೆಂಟ್ ತಿರಗ್ಸೋ ಪಂಪು. ಅದಕ್ಕ ಕೆಳಗ ಒಂದ್ ಸಣ್ಣ ತೂತು ಇರ್ತದ, ಬೇಕಂತನೇ ಇಟ್ಟದ್ದು. ಒಳಗಿನ ಸೀಲ್ ಹೋದ್ರ ಅಲ್ಲಿಂದ ಹನಿ ಬೀಳ್ತದ. ಪಾಪ ಗಾಡಿ ತಾನೇ ಹೇಳ್ಲಾಕತ್ತದ ಎಲ್ಲಿ ನೋವದಂತ, ನಾವು ಕಿವ್ಯಾಗ ಹತ್ತಿ ಇಟ್ಕೊಂಡ್ ಕುಂತೀವಿ.

ನನ್ನ ಕಥಿ ಹೇಳ್ತೀನಿ ಕೇಳ್ರಿ. ನಮ್ದು 2009ರ ಮಾಡೆಲ್, ಕೆಎ-32, ಎ.ಸಿ. ಸತ್ತು ಮೂರ್ ವರ್ಷ ಆಯ್ತು. ಲಗ್ನಕ್ಕ ಜೇವರ್ಗಿಗಿ ಹೊಂಟಿದ್ವಿ. ಮೇ ತಿಂಗಳು, ನಡು ಮಧ್ಯಾಹ್ನ, 43 ಡಿಗ್ರಿ. ಕಟ್ಟಿ ಸಂಗಾವಿ ಬ್ರಿಡ್ಜ್ ಇನ್ನೂ ಬಂದಿದ್ದಿಲ್ಲ, ಇಂಜಿನ್ ಬಿಸಿ ತೋರ್ಸೋ ಸೂಜಿ ಏರ್ಲಾಕ ಶುರು. ನಾ ಹೀಟರ್ ಹಚ್ಚಿದೆ. ನಗಬ್ಯಾಡ್ರಿ! ಇಂಜಿನ್ ಬಿಸಿ ಒಂದಿಷ್ಟು ಒಳಗ ಎಳ್ಕೊಂಡ್ರ ಸೂಜಿ ಇಳೀತದ, ಗಾಡಿ ಬಾಜೂಕ್ ಹಚ್ಚಲಾಕ ಟೈಮ್ ಸಿಗ್ತದ. ಹಿಂದ ಕುಂತ ನಮ್ಮತ್ತಿ ಮಾತ್ರ ಇವತ್ತಿಗೂ ನನ್ ಗಾಡಿ ಹತ್ತಂಗಿಲ್ಲ.

ಬೇವಿನ ಗಿಡದ ಕೆಳಗ ಒಂದ್ ತಾಸು ನಿಂತ್ವಿ. ಬಿಸಿ ಇದ್ದಾಗ ಮುಚ್ಚಳ ತಗೀಬ್ಯಾಡ್ರಿ ಮತ್ತ, ಮಾರಿ ಸುಡ್ತದ, ಇದು ಚಾಷ್ಟಿ ಅಲ್ಲ. ತಣ್ಣಗಾದ ಮ್ಯಾಲ ನಮ್ಮ ಸೋದರಮಾವ ಆಹೇರಿ ಚೀಲದಾಗಿಂದ ಅರಿಶಿಣದ ಪಾಕೀಟ್ ತಗದು ರೇಡಿಯೇಟರ್‌ಗಿ ಸುರಿದೇ ಬಿಟ್ಟ. ಹಳೇ ಲಾರಿ ಡ್ರೈವರ್ ಅಂವ, ಉಬ್ಬಿ ತೂತು ಮುಚ್ತದಂತ. ಮದಿಮಗಳಿಗಿಂತ ಮೊದಲ ನಮ್ ಗಾಡಿಗಿ ಅರಿಶಿಣ ಆಯ್ತು. ದಾರ್ಯಾಗ ನಾಕ್ ಸಲ ನೀರ್ ಹಾಕ್ಕೋತ ಊಟದ ಹೊತ್ತಿಗಿ ಮುಟ್ಟಿದ್ವಿ.

ಮರುದಿನ ಮಿಸ್ತ್ರಿ ಭಾಯ್ ಹತ್ರ ಒಯ್ದೆ. ಬಿಚ್ಚಿದ, ಕೈಯಾಗ ಹಳದಿ ಮುದ್ದಿ ಬಂತು. "ಇದು ರೇಡಿಯೇಟರ್ ಏನ್ರೀ, ಪಿಠ್ಲಾ ಭಾಂಡೇವ?" ಅಂದ. ಸೋರಿದ್ದು ಎಲ್ಲಿ ಅಂತೀರಿ? ಕೆಳಗಿನ ಹೋಸ್ ಪೈಪ್! ಕ್ಲಿಪ್ ಹತ್ರ ಬೆರಳುಗುರಿನಷ್ಟು ಬಿರುಕು. ರೇಡಿಯೇಟರ್ ಗಟ್ಟಿಯೇ ಇತ್ತು, ಅರಿಶಿಣ ಹಾಕಿ ನಾವೇ ಕಟ್ಟಿಸಿದ್ವಿ. ಪೈಪ್, ಕ್ಲಿಪ್, ತೊಳ್ಯೋದು, ಹೊಸಾ ಕೂಲೆಂಟ್, ಎಲ್ಲಾ ಕೂಡಿ 3,400. ಅದಕ್ಕ ಅನ್ನೋದು ನಾ, ಎಲ್ಲಿ ಸೋರ್ಲಾಕತ್ತದ ನೋಡ್ರಿ ಮೊದಲ!

ಅಂದಂಗ ಚಾನಲ್ ಟೀ-ಶರ್ಟ್ ಬಂದಾವ. ಎಕ್ಸ್ಎಲ್ ಸೈಜ್ ಅಷ್ಟೇ ಉಳ್ದಾವ, ಸಣ್ಣ ಮೈಯವರು ಒಂದೆರಡು ರೊಟ್ಟಿ ಜಾಸ್ತಿ ತಿನ್ರಿ.

ಇನ್ನೊಬ್ಬ ಶಾಣ್ಯಾ ಬರ್ದಾನ, "ಬೋರಿನ ನೀರು ಹಾಕ್ಕೋತ ಓಡಸ್ರಿ, ರಿಪೇರಿನೂ ಬ್ಯಾಡ." ಯಪ್ಪಾ, ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿ ಯಾಕ ಕುಂತಾವ? ನೆಲದಾಗ ಸುಣ್ಣದ ಕಲ್ಲು ಅದ. ನಿಮ್ಮನಿ ನೀರು ಕಾಯ್ಸೋ ಹಂಡೆ ಒಳಗ ನೋಡ್ರಿ, ಬಿಳಿ ಹಕ್ಕಳಿ ಕಟ್ಟಿರ್ತದ. ಅದೇ ಹಕ್ಕಳಿ ರೇಡಿಯೇಟರ್ ನಳಿಗ್ಯಾಗ ಕಟ್ತದ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ಹಾಕಿದ್ರ ತುಕ್ಕೂ ಹಿಡಿಯಂಗಿಲ್ಲ, ಬರೇ ನೀರಿನಂಗ 100ಕ್ಕ ಕುದಿಯಂಗೂ ಇಲ್ಲ. ನಾನೂ ಆರ್ ತಿಂಗಳು ಬೋರಿನ ನೀರೇ ಹಾಕೀನಿ, ಅದು ಬ್ಯಾರೆ ಮಾತು.

"ಹೆಡ್ ಗ್ಯಾಸ್ಕೆಟ್ ಹೋಗಿದ್ರ?" ಅಂತೀರಿ. ಇಂಜಿನ್ ಬ್ಲಾಕಿಗೂ ಅದರ ಮ್ಯಾಲಿನ ಹೆಡ್ಡಿಗೂ ನಡುವಿನ ಸೀಲ್ ಅದು, ಹೋಗಿದ್ರ ಗೊತ್ತಾಗ್ತದ್ರೀ. ಆಯಿಲ್ ಮುಚ್ಚಳದ ಒಳಗ ಮಜ್ಜಿಗಿ ಬಣ್ಣ, ಇಂಜಿನ್ ಕಾದ ಮ್ಯಾಲೂ ಬಿಡದ ಬಿಳಿ ಹೊಗಿ, ರೇಡಿಯೇಟರ್‌ದಾಗ ಗುಳ್ಳಿ. ಆಗ ಹೆಡ್ ಇಳಸ್ಬೇಕು, ಲೇತ್‌ಗಿ ಒಯ್ದು ಫೇಸಿಂಗ್ ಹೊಡಸ್ಬೇಕು, ಅಂದ್ರ ಸಪಾಟ ಮಾಡಸ್ಬೇಕು, ಖರ್ಚು ಅದ, ಒಪ್ತೀನಿ. ಆದ್ರ ಅದೂ ಎಲ್ಲಿ ಸೋರ್ಲಾಕತ್ತದ ಅನ್ನೋ ಪ್ರಶ್ನೆನೇ ಅಲ್ಲೇನು? ಆಯ್ತಿಲ್ಲ ಮತ್ತ! ನಾನೇ ಗೆದ್ದೆ.

ನಮ್ ಕಾಕಾಂದು ಬ್ಯಾರೆ ರಾಗ, "ಹೊಸಾದ್ ತಗೋ, ತಿಂಗಳಾ 11,000 ಕಟ್ಟು." ವರ್ಷಕ್ಕ 1,32,000 ಆಯ್ತು ಕಾಕಾ! ನೀ ಕಟ್ತೀಯೇನು? ಮತ್ತೊಬ್ಬ, 15 ವರ್ಷ ಆದ್ರ ಸರ್ಕಾರನೇ ಬಿಡಂಗಿಲ್ಲ ಅಂತಾನ. ಬಿಟ್ಟಾರಪ್ಪಾ. ಗಾಡಿ ನೋಂದಣಿ ಮತ್ತ ಐದ್ ವರ್ಷಕ್ಕ ಬರಸ್ಕೊಂಡ್ ಬಂದೀನಿ. 2022ರ ಏಪ್ರಿಲ್‌ಗಿಂತ ಮೊದಲ 600 ಇದ್ದ ಫೀಸು ಆಮ್ಯಾಲ 5,000 ಆಯ್ತು, ಅದಕ್ಕ ಹೊಟ್ಟಿ ಉರೀತದ ಖರೆ. ಅಷ್ಟ್ ಕಟ್ಟಿದ ಮ್ಯಾಲ ಒಂದ್ ಪೈಪಿನ ಸಲುವಾಗಿ ಬಿಡ್ಲೇನು? ಬಿಡಂಗಿಲ್ಲ. ಯಾಕಂದ್ರ ಬಿಡಂಗಿಲ್ಲ. ನನ್ ಗಾಡಿ, ನನ್ ರೊಕ್ಕ.

ಮನ್ಯಾಗೇ ನೋಡ್ಲಾಕ ಒಂದ್ ಉಪಾಯ. ರಾತ್ರಿ ಗಾಡಿ ಕೆಳಗ ಒಂದ್ ರಟ್ಟು ಹಾಸ್ರಿ, ಮುಂಜಾನಿ ಹನಿ ಎಲ್ಲಿ ಬಿದ್ದದ ನೋಡ್ರಿ. ಬೆರಳಿಗಿ ಹಚ್ಕೋರಿ. ಬರೇ ನೀರಿದ್ರ ಎ.ಸಿ.ದು, ಅಂಜಬ್ಯಾಡ್ರಿ. ಹಸರು ಇಲ್ಲಾ ಕೆಂಪ್ ಬಣ್ಣ, ಜಾರಿಕಿ, ಸೀ ವಾಸ್ನಿ ಇದ್ರ ಕೂಲೆಂಟ್. ನಾಲಗಿಗಿ ಹಚ್ಚಬ್ಯಾಡ್ರಿ, ವಿಷ ಅದು. ನಾಯಿ ಬೆಕ್ಕು ನೆಕ್ಕದಂಗ ನೋಡ್ಕೋರಿ.

ಕ್ಯಾಮೆರಾ ತರ್ತೀನಿ ತಡೀರಿ, ನಂದೇ ತೋರಸ್ತೀನಿ. ನಿನ್ನಿ ರಾತ್ರಿ ರಟ್ಟು ಹಾಕೀನಿ. ಹಾಂ, ಇಲ್ಲಿ ನೋಡ್ರಿ, ಒಣಾ... ಅಲ್ಲ, ಇಲ್ಲೊಂದ್ ಹನಿ ಅದ. ಫರ್ಸಿ ಮ್ಯಾಲೂ ಒಂದದ. ಇದು... ಏ, ಎ.ಸಿ. ನೀರು ಇರ್ಬೇಕು ಬಿಡ್ರಿ. ಸಬ್‌ಸ್ಕ್ರೈಬ್ ಮಾಡ್ರಿ, ಬರ್ತೀನಿ.