ಒಂದೇ ಬೀಜ, ಮೂರು ಹದ

ಕೇಳುಗರಿಗೆ ನಮಸ್ಕಾರ.

ಗಂಗಾವತಿಯಲ್ಲಿ ಕೂತು ಕಾಫಿ ಬಗ್ಗೆ ಮಾತಾಡೋದು ಸ್ವಲ್ಪ ಧೈರ್ಯದ ಕೆಲಸವೇ. ನಮ್ಮದು ಚಾ ಕುಡಿಯುವ ಊರು. ವಗ್ಗರಣಿ ಮಿರ್ಚಿ ತಿಂದ ಮೇಲೆ ಚಾ, ಬೀಗರು ಬಂದರೆ ಚಾ, ಬೀಗರು ಹೋದ ಮೇಲೆ ಇನ್ನೊಂದು ಚಾ. ಆದರೆ ಅಕ್ಕಿ ವಿಷಯ ಬಂದರೆ ನಮ್ಮ ನಾಲಿಗೆ ಬಲು ಚುರುಕು. ಸೋನಾ ಮಸೂರಿ ಹೊಸದೋ ಹಳೆಯದೋ ಅಂತ ಮೊದಲ ತುತ್ತಿಗೇ ಹೇಳುವವರು ನಮ್ಮ ಓಣಿಯಲ್ಲೇ ಇದ್ದಾರೆ. ಸಿಂಗಲ್ ಒರಿಜಿನ್ ಕಾಫಿ ಕುಡಿಯಲು ಬೇಕಾದದ್ದೂ ಅದೇ ನಾಲಿಗೆ. ಹತ್ತು ಕಡೆಯ ಬೀಜ ಬೆರೆಸಿದ್ದಲ್ಲ ಅದು. ಒಂದೇ ಸೀಮೆಯದ್ದು, ಕೆಲವು ಸಲ ಒಂದೇ ತೋಟದ್ದು. ಚಿಕೋರಿಯ ಮಾತೇ ಇಲ್ಲ.

ಚಿಕ್ಕಮಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಅಕ್ಕನ ಮಗ ಯುಗಾದಿಗೆ ಬಂದಾಗ ಮೂರು ಪೊಟ್ಟಣ ತಂದ. ಒಂದೇ ತೋಟದ ಅರೇಬಿಕಾ ಜಾತಿಯ ಬೀಜ, ಹುರಿದ ಹದ ಮಾತ್ರ ಬೇರೆ. ಲೈಟ್, ಮೀಡಿಯಂ, ಡಾರ್ಕ್.

ಈ ಹದ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳೋದು ಸುಲಭ. ನಾಗರ ಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ಚಟಪಟ ಸದ್ದು ಬರುತ್ತೆ ಅಲ್ವಾ? ಕಾಫಿ ಬೀಜವೂ ಸುಮಾರು 200 ಡಿಗ್ರಿ ಶಾಖಕ್ಕೆ ಹಾಗೇ ಸಿಡಿಯುತ್ತೆ. ಅರಳಿ ಬೆಳ್ಳಗಾಗಲ್ಲ ಅಷ್ಟೇ. ಈ ಮೊದಲ ಸಿಡಿತ ಮುಗಿಯುವ ಹೊತ್ತಿಗೆ ಇಳಿಸಿದರೆ ಲೈಟ್. ಬಿಡದೆ ಹುರಿದರೆ 225ರ ಆಸುಪಾಸಿನಲ್ಲಿ ಎರಡನೇ ಸಿಡಿತ ಶುರುವಾಗುತ್ತೆ. ಅದರ ಸದ್ದು ಸಣ್ಣದು, ಒಣಕಡ್ಡಿ ಮುರಿದ ಹಾಗೆ. ಆಮೇಲೆ ಬೀಜದ ಮೈಮೇಲೆ ಎಣ್ಣೆ ಮಿನುಗುತ್ತೆ. ಅದು ಡಾರ್ಕ್. ಇವೆರಡರ ನಡುವಿನದು ಮೀಡಿಯಂ.

ಮೊದಲ ದಿನ ನಾನು ಮಾಡಿದ್ದೇ ತಪ್ಪು. ಮೂರಕ್ಕೂ ಒಂದೊಂದು ದೊಡ್ಡ ಚಮಚ ಬೀಜ ತೆಗೆದುಕೊಂಡು ಪುಡಿ ಮಾಡಿದೆ. ಡಾರ್ಕ್ ಕಾಫಿ ನೀರುನೀರಾಗಿ ಬಂತು. ಗಟ್ಟಿ ಅಂತ ಹೆಸರಿಟ್ಟುಕೊಂಡದ್ದು ಹೀಗ್ಯಾಕೆ ಅಂತ ತಲೆ ಕೆರೆದುಕೊಂಡೆ. ಹುರಿದಷ್ಟೂ ಬೀಜ ಉಬ್ಬುತ್ತೆ, ನೀರಿನಂಶ ಹೋಗಿ ಹಗುರಾಗುತ್ತೆ. ಚಮಚ ತುಂಬಿದ್ದರೂ ತೂಕ ಕಡಿಮೆ. ಮರುದಿನ ಬಂಗಾರದ ಅಂಗಡಿಯ ಗೆಳೆಯನ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದೆ. 'ಎಷ್ಟು ಕ್ಯಾರೆಟ್ಟು?' ಅಂತ ಅವನು ನಕ್ಕ.

ರುಚಿ ನೋಡುವವರ ಲೆಕ್ಕ ಹೀಗಿದೆ. 150 ಮಿಲಿ ನೀರಿಗೆ ಎಂಟು ಗ್ರಾಂ ಚಿಲ್ಲರೆ ಪುಡಿ, ಅದೂ ರವೆಯ ಹಾಗೆ ತರಿತರಿ. ನೀರು ಕುದಿ ಇಳಿದು ಅರೆ ನಿಮಿಷವಾದ ಮೇಲೆ ಸುರಿಯಬೇಕು. ನಾಲ್ಕು ನಿಮಿಷ ಮುಟ್ಟಬಾರದು. ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಒಡೆದಾಗ ಘಮ್ಮಂತ ಒಂದು ವಾಸನೆ ಏಳುತ್ತೆ. ಮೂಗು ಅಲ್ಲೇ ಇರಬೇಕು. ಆಮೇಲೆ ನೊರೆ ತೆಗೆದು, ಚಮಚದಲ್ಲಿ ಸೊರ್ ಅಂತ ಸದ್ದು ಮಾಡಿ ಹೀರಬೇಕು. ಬಸಿಯಲ್ಲಿ ಚಾ ಸುರಿದುಕೊಂಡು ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸುಡುಸುಡು ಇದ್ದಾಗ ಎಲ್ಲವೂ ಒಂದೇ ಥರ ಅನಿಸುತ್ತೆ. ಉಗುರುಬೆಚ್ಚಗಾದಾಗ ಗುಣ ಹೊರಗೆ ಬರುತ್ತೆ. ನಮ್ಮ ಬೇಸಿಗೆಯಲ್ಲಿ ಅದು ಆರೋದಕ್ಕೆ ಕಾಯುವುದೇ ಒಂದು ತಪಸ್ಸು.

ಅವ್ವನಿಗೆ ಯಾವುದು ಯಾವುದು ಅಂತ ಹೇಳದೆ ಮೂರು ಲೋಟ ಇಟ್ಟೆ. ಲೈಟ್ ಹೀರಿ ಮುಖ ಕಿವುಚಿದಳು. 'ಏನಪಾ ಇದು, ಹುಣಸಿ ನೀರು ಕುಡದಂಗ ಐತಿ.' ಡಾರ್ಕ್ ಬಂತು. 'ಶೇಂಗಾ ಸೀದಾವ.' ಮೀಡಿಯಂಗೆ ಸ್ವಲ್ಪ ಹೊತ್ತು ಸುಮ್ನೆ ಇದ್ದಳು. 'ಇದು ಚಲೋ ಐತಿ. ಬೆಲ್ಲದ ಪಾಕ ಕೆಂಪಗಾದಾಗ ಬರೋ ವಾಸನಿ.' ಪುಸ್ತಕದಲ್ಲಿ ಕ್ಯಾರಮೆಲ್ ಅಂತ ಬರೆಯೋದು ಇದನ್ನೇ.

ಆಮೇಲೆ ಆಂಧ್ರದ ಅರಕು ಕಣಿವೆಯ ಕಾಫಿಯನ್ನೂ ತರಿಸಿ ಪಕ್ಕದಲ್ಲಿಟ್ಟೆ. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗು, ಅರಕು ಅರೇಬಿಕಾ ಮತ್ತು ವಯನಾಡಿನ ರೊಬಸ್ಟಾ ಅನ್ನೋ ಇನ್ನೊಂದು ಜಾತಿ, ಈ ಐದಕ್ಕೂ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಇದು ಇದೇ ಸೀಮೆಯದು ಅನ್ನೋ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಹೆಸರು ಪೊಟ್ಟಣದ ಮೇಲಿದ್ದರೆ ಸಾಲದು. ಎರಡನ್ನೂ ಡಾರ್ಕ್ ಹದದಲ್ಲಿ ಕುಡಿದಾಗ ಅರಕು ಯಾವುದು, ಚಿಕ್ಕಮಗಳೂರು ಯಾವುದು ಅಂತ ನನಗೆ ಗೊತ್ತೇ ಆಗಲಿಲ್ಲ. ನಾಲಿಗೆಗೆ ಸಿಕ್ಕಿದ್ದು ಬರೀ ಬೆಂಕಿಯ ರುಚಿ. ಮೀಡಿಯಂನಲ್ಲಿ ಮಾತ್ರ ಅರಕುವಿನ ಹಣ್ಣಿನಂಥ ಹುಳಿ, ಚಿಕ್ಕಮಗಳೂರಿನದರ ಕೋಕೋ ಥರದ ಒಗರು ಬೇರೆಬೇರೆಯಾಗಿ ನಿಂತವು. ಜಾಸ್ತಿ ದುಡ್ಡು ಕೊಟ್ಟು ಒಂದೇ ತೋಟದ ಬೀಜ ತಂದು ಕರ್ರಗೆ ಹುರಿಸೋದು ನನ್ನ ಮಟ್ಟಿಗೆ ದಂಡ. ಹಾಲು ಹಾಕಿ ಕುಡಿಯುವವರು ಮಾತ್ರ ನನ್ನ ಮಾತು ಕೇಳಬೇಡಿ. ಹಾಲಿಗೆ ಎದುರು ನಿಲ್ಲೋದು ಆ ಕರಿ ಹದವೇ.

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ತಾನು ಚಿಕ್ಕಮಗಳೂರಿನಲ್ಲಿ ಕುಡಿದ ಲೈಟ್‌ನಲ್ಲಿ ಕಿತ್ತಳೆಯಂಥ ಹುಳಿ ಇತ್ತು ಅಂತ ಅಕ್ಕನ ಮಗ ಹೇಳಿದ್ದ. ನಾನು ಎರಡನೇ ವಾರ ಮಾಡಿದ್ದರಲ್ಲಿ ಅದು ಮಂಕಾಗಿತ್ತು, ಸುಣ್ಣ ನೆಕ್ಕಿದ ಹಾಗೆ. ಪುಡಿ ಅದೇ, ತೂಕ ಅದೇ. ಆಮೇಲೆ ಹೊಳೆಯಿತು. ಆ ವಾರ ನಲ್ಲಿ ಬಂದಿರಲಿಲ್ಲ. ಬೋರಿನ ಸವಳು ನೀರು ಕಾಯಿಸಿದ್ದೆ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತೆ, ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾದಲ್ಲಿ ಇರೋದೂ ಅದೇ. ಅದು ಹುಳಿಯನ್ನು ತಿಂದುಹಾಕುತ್ತೆ. ಅವ್ವನ ಹುಣಸಿ ನೀರು ನಲ್ಲಿಯಲ್ಲಿ ಬಂದ ತುಂಗಭದ್ರೆಯ ನೀರಿನದು.

ಈಗ ಅಡುಗೆಮನೆಯಲ್ಲಿ ಕಾಫಿಗೆ ಅಂತಲೇ ಒಂದು ಕೊಡ ಹೊಳೆ ನೀರು ಇಟ್ಟಿದ್ದೇನೆ. ಅದರಲ್ಲಿ ಚಾ ಮಾಡಿದವರಿಗೆ ನಮ್ಮ ಮನೆಯಲ್ಲಿ ಬೈಗುಳ ಗ್ಯಾರಂಟಿ. ಬೈಸಿಕೊಳ್ಳುವವಳು ಅವ್ವ, ದಿನಾ.

ನಮಸ್ಕಾರ.