ಕಾರಿಗಿಂತ ಮೊದಲೇ ಮಾಡೆಲ್ ಮನೆಗೆ ಬಂತು: ಕಾರ್ಡ್ 810, 812ರ ಕಥೆ

[ದೃಶ್ಯ: ಮೇಜಿನ ಮೇಲೆ ಕಾರ್ಡ್ 812 ಕನ್ವರ್ಟಿಬಲ್‌ನ 1/24 ಮಾಡೆಲ್. ಕ್ಯಾಮೆರಾ ಮೂತಿಯ ಮಟ್ಟಕ್ಕೆ ಇಳಿಯುತ್ತದೆ]

ಇದು ಕಾರ್ಡ್ (Cord) ಅನ್ನೋ ಹಳೆಯ ಅಮೆರಿಕನ್ ಕಾರಿನ ಮಾಡೆಲ್, ಅಸಲಿಯ 24ನೇ ಒಂದು ಭಾಗದ ಅಳತೆಯದು. ಮುಂಭಾಗದಲ್ಲಿ ಗ್ರಿಲ್ ಇಲ್ಲ, ಹೆಡ್‌ಲೈಟೂ ಕಾಣಲ್ಲ. ಬಾನೆಟ್ ಸುತ್ತ ಬರೀ ಅಡ್ಡಪಟ್ಟಿಗಳು. ಅಮೆರಿಕದವರು ಇದಕ್ಕೆ 'ಶವಪೆಟ್ಟಿಗೆ ಮೂತಿ' ಅಂತ ಅಡ್ಡಹೆಸರಿಟ್ಟರು. ಇಷ್ಟು ಚೆಂದದ ಕಾರಿಗೆ ಎಂಥಾ ಹೆಸರು ನೋಡಿ!

[ದೃಶ್ಯ: ಆಟೋ ಶೋನ ಕಪ್ಪು-ಬಿಳುಪು ಚಿತ್ರಗಳು]

1935ರ ನವೆಂಬರ್, ನ್ಯೂಯಾರ್ಕ್ ಆಟೋ ಶೋ. ಗೋರ್ಡನ್ ಬ್ಯೂರಿಗ್ ವಿನ್ಯಾಸ ಮಾಡಿದ ಕಾರ್ಡ್ 810 ನೋಡೋಕೆ ಜನ ಪಕ್ಕದ ಕಾರುಗಳ ಬಂಪರ್ ಹತ್ತಿ ನಿಂತರು. ಶೋಗೆ ಅರ್ಹತೆ ಸಿಗಬೇಕಾದರೆ ನೂರು ಕಾರು ತಯಾರಾಗಿರಬೇಕಿತ್ತು. ಕಂಪನಿ ಅವಸರದಲ್ಲಿ ಕಟ್ಟಿ ನಿಲ್ಲಿಸಿತು, ಆದರೆ ಗೇರ್‌ಬಾಕ್ಸೇ ಸಿದ್ಧವಿರಲಿಲ್ಲ! ಆದರೂ ಕ್ರಿಸ್‌ಮಸ್‌ಗೆ ಕೊಡ್ತೀವಿ ಅಂತ ಬುಕಿಂಗ್ ತಗೊಂಡರು. ಕ್ರಿಸ್‌ಮಸ್ ಬಂತು, ಕಾರು ಬರಲಿಲ್ಲ. ಮುಂಗಡ ಕೊಟ್ಟವರ ಮನೆಗೆ ಬಂದದ್ದು ಅಮೃತಶಿಲೆಯ ಪೀಠದ ಮೇಲಿನ ಪುಟ್ಟ ಕಂಚಿನ ಕಾರ್ಡ್, 1/32 ಅಳತೆಯದು. ನಿಜವಾದ ಕಾರುಗಳು ಸಿಗಲು ಶುರುವಾದದ್ದು 1936ರ ಫೆಬ್ರವರಿಯಲ್ಲಿ.

[ದೃಶ್ಯ: ಡ್ಯಾಶ್‌ಬೋರ್ಡ್ ಕ್ಲೋಸ್‌ಅಪ್]

ಎಂಜಿನ್ ಲೈಕಮಿಂಗ್ ಕಂಪನಿಯ ಎಂಟು ಸಿಲಿಂಡರಿನ ವಿ8, ಎಳೆತ ಮುಂದಿನ ಚಕ್ರಗಳಿಗೆ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಇಲ್ಲ, ಹಾಗಾಗಿ ನೆಲ ತಗ್ಗು. ಹತ್ತಿ ಇಳಿಯಲು ಫುಟ್‌ಬೋರ್ಡೇ ಬೇಕಾಗಲಿಲ್ಲ. ಹೆಡ್‌ಲೈಟ್‌ಗಳಿಗೆ ಸ್ಟಿನ್ಸನ್ ವಿಮಾನದ ಲ್ಯಾಂಡಿಂಗ್ ಲೈಟ್ ಬಳಸಿದರು. ಕತ್ತಲಾದರೆ ಡ್ಯಾಶ್‌ಬೋರ್ಡಿನ ಎರಡೂ ತುದಿಯ ಹಿಡಿ ತಿರುಗಿಸಿ ಅವನ್ನು ಮೇಲೆತ್ತಬೇಕು. ಡ್ರೈವರ್ ಒಬ್ಬನೇ ಇದ್ದರೆ ಆಚೆ ತುದಿಗೆ ಕೈಚಾಚುವ ಸರ್ಕಸ್ ಬೇರೆ! ಕನ್ವರ್ಟಿಬಲ್‌ನಲ್ಲಿ ಬಟ್ಟೆಯ ಟಾಪ್ ಮಡಚಿದರೆ ಲೋಹದ ಮುಚ್ಚಳದಡಿ ಪೂರ್ತಿ ಮಾಯ. ಆ ಕಾಲದ ಎಷ್ಟೋ ಓಪನ್ ಕಾರುಗಳು ಬೆನ್ನ ಮೇಲೆ ಬಟ್ಟೆಗಂಟು ಹೊತ್ತೇ ಓಡುತ್ತಿದ್ದವು.

1937ರಲ್ಲಿ 810ರ ಹೆಸರು 812 ಆಯಿತು. ಅದಕ್ಕೆ ಸೂಪರ್‌ಚಾರ್ಜರ್, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ, ಕೂಡ ಸಿಗುತ್ತಿತ್ತು. ಅದೇ ವರ್ಷ ಕಾರ್ಡ್ ಕಥೆ ಮುಗಿಯಿತು. 810, 812 ಎರಡೂ ಸೇರಿ ತಯಾರಾದ ಕಾರುಗಳು ಮೂರು ಸಾವಿರವೂ ದಾಟಲಿಲ್ಲ. ಗೇರ್‌ಬಾಕ್ಸ್ ಕಾಟ, ಬಿಸಿಯೇರುವ ಎಂಜಿನ್ ಹೆಸರು ಕೆಡಿಸಿದ್ದವು. ಆದರೆ 1951ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಎಂಟು ಕಾರುಗಳನ್ನು ಕಲೆಯಾಗಿ ಪ್ರದರ್ಶಿಸಿದಾಗ ಅದರಲ್ಲಿ 812 ಇತ್ತು.

[ದೃಶ್ಯ: ಮಾಡೆಲ್ ತಿರುಗುತ್ತದೆ]

ಈಗ ಮಾಡೆಲ್ ವಿಷಯ. ಮಾಡೆಲ್ ಕಂಪನಿಗಳಾದ ಫ್ರಾಂಕ್ಲಿನ್ ಮಿಂಟ್ 1/24ರಲ್ಲಿ, ಎರ್ಟಲ್ 1/18ರಲ್ಲಿ 812 ಮಾಡಿವೆ. ಅಸಲಿ ಕಾರಿನ ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ, 125 ಇಂಚು. 1/24ರಲ್ಲಿ ಅದು ಸುಮಾರು 132 ಮಿಲಿಮೀಟರ್, ಸ್ಕೇಲ್ ಇಟ್ಟು ನೋಡಿ. ಬಾನೆಟ್ ಬದಿಯಿಂದ ಹೊಳೆಯುವ ಪೈಪ್‌ಗಳು ಹೊರಬಂದಿದ್ದರೆ ಅದು ಸೂಪರ್‌ಚಾರ್ಜ್ಡ್ 812. ಅದರ ಮೇಲೆ 810 ಅಂತ ಬರೆದಿದ್ದರೆ ಅನುಮಾನಪಡಿ. ನಾನಂತೂ ಮೊದಲು ನೋಡುವುದು ಮೂತಿಯ ಪಟ್ಟಿಗಳನ್ನು. ಅವು ಬಾನೆಟ್ಟಿನಿಂದ ಬದಿಗೆ ಮುರಿಯದೆ ಹರಿಯಬೇಕು. ಅಲ್ಲಿ ಸೊಟ್ಟವಾಗಿದ್ದರೆ, ಬಾಕ್ಸ್ ಎಷ್ಟೇ ಹೊಸದಾಗಿರಲಿ, ನಾನು ದುಡ್ಡು ಕೊಡಲ್ಲ.